ಮದರಾಸಿನಲ್ಲಿ ಹುಟ್ಟಿದ ಸ್ಲಾಲಮ್ ಜನಕ: ಸರ್ ಆರ್ನಾಲ್ಡ್ ಲನ್

ಹಿಮದ ಮೇಲಿನ ಆಟವೊಂದಕ್ಕೆ ನಿಯಮ ರೂಪಿಸಿ, ಅದಕ್ಕೆ ವಿಶ್ವಮಾನ್ಯತೆ ದೊರಕಿಸಿಕೊಟ್ಟ ಮಹನೀಯರು ಜನಿಸಿದ್ದು ಹಿಮದ ಸುಳಿವೇ ಇಲ್ಲದ ಮದರಾಸಿನಲ್ಲಿ ಎಂದರೆ ಯಾರಿಗಾದರೂ ಅಚ್ಚರಿಯಾದೀತು. ಪುಣೆಯಲ್ಲಿ ನೆಲೆಸಿರುವ ನಮಗೆ ಚಳಿಗಾಲವೆಂದರೆ ಸಿಂಹಗಡದ ನೆತ್ತಿಯ ಮೇಲೆ ಬೆಳಗಿನ ಹೊತ್ತು ಕವಿಯುವ ಮಂಜು, ಅಷ್ಟೆ. ಆದರೂ ಚಳಿಗಾಲದ ಒಲಿಂಪಿಕ್ಸ್ ಬಂದಾಗ ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತು, ಬಿಳಿಯ ಇಳಿಜಾರಿನಲ್ಲಿ ನೆಟ್ಟ ಕೋಲುಗಳ ನಡುವೆ ಮಿಂಚಿನಂತೆ ಹೊರಳುತ್ತ ಇಳಿಯುವ ತರುಣಿಯರನ್ನು ಬೆರಗಿನಿಂದ ನೋಡುತ್ತೇವೆ. ಆ ಸ್ಪರ್ಧೆಯ ಹೆಸರು ಸ್ಲಾಲಮ್. ಅದಕ್ಕೆ ಇಂದಿನ ರೂಪ ಕೊಟ್ಟವರು ಸರ್ ಆರ್ನಾಲ್ಡ್ ಲನ್.

ಲನ್ ಅವರು ಜನಿಸಿದ್ದು 1888ರ ಏಪ್ರಿಲ್ 18ರಂದು. ತಂದೆ ಹೆನ್ರಿ ಲನ್ ಮೆಥಡಿಸ್ಟ್ ಪಂಥದ ವೈದ್ಯ ಮಿಷನರಿಯಾಗಿ ಭಾರತಕ್ಕೆ ಬಂದಿದ್ದರು. ಇಲ್ಲಿನ ಹವೆ ಒಗ್ಗದೆ ಬೇಗನೆ ಇಂಗ್ಲೆಂಡಿಗೆ ಮರಳಿದ ಅವರು ಮುಂದೆ ಪ್ರವಾಸಗಳನ್ನು ಏರ್ಪಡಿಸುವ ಉದ್ಯಮವನ್ನು ಕಟ್ಟಿದರು. ಆ ಮೂಲಕ ಇಂಗ್ಲಿಷ್ ಕುಟುಂಬಗಳು ಚಳಿಗಾಲದಲ್ಲಿ ಆಲ್ಪ್ಸ್ ಪರ್ವತಗಳತ್ತ ಹೊರಟವು. 1898ರಲ್ಲಿ ಶಾಮೊನಿಯಲ್ಲಿ ಬಾಲಕ ಆರ್ನಾಲ್ಡ್ ಮೊದಲ ಬಾರಿಗೆ ಕಾಲಿಗೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡಾಗ ಆತನಿಗೆ ಹತ್ತು ವರ್ಷ.

ಆಕ್ಸ್‌ಫರ್ಡಿನಲ್ಲಿ ಓದುವಾಗಲೇ ಪರ್ವತಾರೋಹಣದ ಹುಚ್ಚು ಹತ್ತಿತು. 1909ರಲ್ಲಿ ವೇಲ್ಸಿನ ಕೇಡರ್ ಇದ್ರಿಸ್ ಬೆಟ್ಟದಲ್ಲಿ ಬಂಡೆಯಿಂದ ಜಾರಿಬಿದ್ದು ಕಾಲು ನುಚ್ಚುನೂರಾಯಿತು. ವಾಸಿಯಾದಾಗ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಗಾಯವಂತೂ ವರ್ಷಗಟ್ಟಲೆ ಮಾಯಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಇಂಥ ಪೆಟ್ಟು ತಿಂದವರು ಬೆಟ್ಟದ ಸಹವಾಸವನ್ನೇ ಬಿಟ್ಟಾರು. ಲನ್ ಬಿಡಲಿಲ್ಲ. ಕುಂಟುತ್ತಲೇ ಸ್ಕೀ ಹಲಗೆಗಳ ಮೇಲೆ ಆಲ್ಪ್ಸಿನ ಎತ್ತರದ ಶಿಖರಗಳನ್ನು ಏರಿದರು. ಮೊದಲನೆಯ ಮಹಾಯುದ್ಧದಲ್ಲಿ ಕಾಲಿನ ದೋಷದಿಂದಾಗಿ ಸೈನ್ಯಕ್ಕೆ ಸೇರಲಾಗಲಿಲ್ಲ. ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬ ಪರ್ವತಗ್ರಾಮದಲ್ಲಿ ಇರಿಸಲಾಗಿದ್ದ ಯುದ್ಧಕೈದಿಗಳ ಸೇವೆಯಲ್ಲಿ ತೊಡಗಿಕೊಂಡರು. ಮುಂದೆ ಅದೇ ಮ್ಯೂರೆನ್ ಅವರ ಕರ್ಮಭೂಮಿಯಾಯಿತು.

ಆ ಕಾಲದಲ್ಲಿ ಸ್ಕೀಯಿಂಗ್ ಎಂದರೆ ನಾರ್ವೆಯವರದೇ ಮಾತು. ಸಮತಟ್ಟಾದ ಹಿಮಹಾದಿಯಲ್ಲಿ ದೂರದ ಓಟ ಮತ್ತು ಎತ್ತರದಿಂದ ನೆಗೆತ, ಇವೆರಡೇ ನಿಜವಾದ ಸ್ಪರ್ಧೆಗಳೆಂದು ಅವರು ಭಾವಿಸಿದ್ದರು. ಇಳಿಜಾರಿನಲ್ಲಿ ತಿರುವುಗಳನ್ನು ತೆಗೆದುಕೊಳ್ಳುವ ಸ್ಪರ್ಧೆಗಳಿದ್ದರೂ ಸೊಗಸಿಗೆ ಅಂಕ ಕೊಡುವುದು ವಾಡಿಕೆಯಾಗಿತ್ತು. ಲನ್ ಇದನ್ನು ಒಪ್ಪಲಿಲ್ಲ. ಮರಗಳ ನಡುವೆ ವೇಗವಾಗಿ ಇಳಿಯುವವನಿಗೆ ಬೇಕಾದುದು ಸೊಗಸಲ್ಲ, ಸಕಾಲದ ತಿರುವು ಎಂಬುದು ಅವರ ವಾದ. 1922ರ ಜನವರಿಯಲ್ಲಿ ಮ್ಯೂರೆನ್‌ನ ಇಳಿಜಾರಿನಲ್ಲಿ ಬಾವುಟಗಳನ್ನು ಜೋಡಿಜೋಡಿಯಾಗಿ ನೆಟ್ಟರು. ಪ್ರತಿಯೊಂದು ಜೋಡಿಯ ನಡುವಿನಿಂದಲೂ ಹಾಯಬೇಕು. ಕಡಿಮೆ ಸಮಯದಲ್ಲಿ ಕೆಳಗೆ ತಲುಪಿದವರೇ ವಿಜಯಿಗಳು. ಆಧುನಿಕ ಸ್ಲಾಲಮ್ ಹುಟ್ಟಿದ್ದು ಹೀಗೆ. ಬ್ಯಾಂಕಿನ ಲೆಕ್ಕಪತ್ರಗಳೊಡನೆ ಬಾಳು ಸವೆಸಿದ ನಮಗೆ ಈ ಏರ್ಪಾಡಿನ ಗುಣ ಬೇಗ ತಿಳಿಯುತ್ತದೆ. ಸೊಗಸನ್ನು ಅಳೆಯುವವರ ಕಣ್ಣಿನಲ್ಲಿ ಪಕ್ಷಪಾತ ಇರಬಹುದು, ಗಡಿಯಾರಕ್ಕೆ ಅದಿಲ್ಲ. ಓಡಿದವರು ಯಾವ ದೇಶದವರು, ಗಂಡೋ ಹೆಣ್ಣೋ ಎಂಬುದನ್ನು ಅದು ಕೇಳುವುದಿಲ್ಲ.

ಈ ಕೊನೆಯ ಮಾತೇ ಲನ್ ಅವರ ಬಾಳಿನ ದೊಡ್ಡ ಸಾಧನೆಗೆ ದಾರಿಯಾಯಿತು. 1923ರಲ್ಲಿ ಅವರ ಮುತುವರ್ಜಿಯಿಂದ ಮಹಿಳೆಯರ ಸ್ಕೀ ಕ್ಲಬ್ ಮ್ಯೂರೆನ್‌ನಲ್ಲಿ ಆರಂಭವಾಯಿತು. ಮರುವರ್ಷ ಕಂದಹಾರ್ ಸ್ಕೀ ಕ್ಲಬ್ ಸ್ಥಾಪನೆಯಾಯಿತು. ಆಲ್ಪ್ಸಿನಲ್ಲಿ ಅಫ್ಘಾನಿಸ್ತಾನದ ಹೆಸರೇಕೆ? ಕಾನ್ಪುರದಲ್ಲಿ ಹುಟ್ಟಿ, 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿದ ಲಾರ್ಡ್ ರಾಬರ್ಟ್ಸ್ 1911ರಲ್ಲಿ ಇಳಿಜಾರಿನ ಓಟಕ್ಕೆ ಕಪ್ ಒಂದನ್ನು ನೀಡಿದ್ದರು. ಹೆಸರು ಬಂದದ್ದು ಅದರಿಂದ. 1928ರಲ್ಲಿ ಆಸ್ಟ್ರಿಯಾದ ಪ್ರಸಿದ್ಧ ಸ್ಕೀ ಗುರು ಹಾನ್ನೆಸ್ ಷ್ನೈಡರ್ ಅವರೊಡನೆ ಸೇರಿ ಲನ್ ಆರಂಭಿಸಿದ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆ ಯುರೋಪಿನಲ್ಲೆಲ್ಲ ಹೆಸರಾಯಿತು.

1930ರಲ್ಲಿ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವು ಓಸ್ಲೋ ಅಧಿವೇಶನದಲ್ಲಿ ಡೌನ್‌ಹಿಲ್ ಮತ್ತು ಸ್ಲಾಲಮ್ ಸ್ಪರ್ಧೆಗಳಿಗೆ ಮನ್ನಣೆ ನೀಡಿತು. 1931ರ ಫೆಬ್ರವರಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಮ್ಯೂರೆನ್‌ನಲ್ಲೇ ನಡೆಯಿತು. ಅಲ್ಲಿ ಪುರುಷರೊಡನೆ ಮಹಿಳೆಯರೂ ಕಣಕ್ಕಿಳಿದರು. ಹದಿನೇಳು ವರ್ಷದ ಬ್ರಿಟಿಷ್ ಹುಡುಗಿ ಎಸ್ಮೆ ಮ್ಯಾಕಿನನ್ ಡೌನ್‌ಹಿಲ್ ಮತ್ತು ಸ್ಲಾಲಮ್ ಎರಡರಲ್ಲೂ ಗೆದ್ದು ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದಳು. ಇದರ ಬೆಲೆ ತಿಳಿಯಬೇಕಾದರೆ ಉಳಿದ ಸ್ಪರ್ಧೆಗಳ ಇತಿಹಾಸವನ್ನು ನೋಡಬೇಕು. ಮಹಿಳೆಯರ ದೂರದ ಸ್ಕೀ ಓಟ ಒಲಿಂಪಿಕ್ಸ್ ಸೇರಿದ್ದು 1952ರಲ್ಲಿ. ಮಹಿಳೆಯರ ಸ್ಕೀ ನೆಗೆತವಂತೂ 2014ರವರೆಗೆ ಕಾಯಬೇಕಾಯಿತು. ಸ್ಲಾಲಮ್‌ನಲ್ಲಿ ಮಾತ್ರ ಮಹಿಳೆಯರು ಮೊದಲ ವಿಶ್ವಸ್ಪರ್ಧೆಯಿಂದಲೇ ಇದ್ದರು.

1936ರ ಗಾರ್ಮಿಷ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಹಾಗೂ ಸ್ಲಾಲಮ್ ಸೇರಿದ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಲನ್ ಸ್ಲಾಲಮ್‌ನ ತೀರ್ಪುಗಾರರಾಗಿದ್ದರು. ಜರ್ಮನಿಯ ಕ್ರಿಸ್ಟಲ್ ಕ್ರಾಂಟ್ಸ್ ಡೌನ್‌ಹಿಲ್‌ನಲ್ಲಿ ಬಿದ್ದು ಆರನೆಯ ಸ್ಥಾನಕ್ಕೆ ಕುಸಿದರು. ಸ್ಲಾಲಮ್‌ನ ಎರಡೂ ಸುತ್ತುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಇಳಿದು ಚಿನ್ನ ಗೆದ್ದರು. ಆ ಕೂಟ ಹಿಟ್ಲರನ ಆಡಳಿತದ ಮೆರವಣಿಗೆಯೂ ಆಗಿತ್ತು. ಬ್ರಿಟಿಷ್ ತಂಡದ ನಾಯಕರಾಗಿದ್ದ ಲನ್ ಅವರ ಮಗ ಪೀಟರ್ ಉದ್ಘಾಟನಾ ಪಥಸಂಚಲನದಲ್ಲಿ ಹೆಜ್ಜೆ ಹಾಕಲಿಲ್ಲ. 1938ರಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ವಶಪಡಿಸಿಕೊಂಡು ಷ್ನೈಡರ್ ಅವರನ್ನು ಬಂಧಿಸಿದಾಗ, ಲನ್ ಆ ವರ್ಷದ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆಯನ್ನೇ ರದ್ದುಗೊಳಿಸಿದರು. ತಾವೇ ಬೆಳೆಸಿದ ಸ್ಪರ್ಧೆಗಿಂತ ಗೆಳೆಯನ ಸ್ವಾತಂತ್ರ್ಯ ದೊಡ್ಡದೆಂದು ತೋರಿಸಿಕೊಟ್ಟ ನಿರ್ಧಾರವದು.

1948ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಲಾಲಮ್ ಪ್ರತ್ಯೇಕ ಸ್ಪರ್ಧೆಯಾಯಿತು. ಅಮೆರಿಕದ ಗ್ರೆಚನ್ ಫ್ರೇಸರ್ ಚಿನ್ನ ಗೆದ್ದರು. 1952ರಲ್ಲಿ ಲನ್ ಅವರಿಗೆ ಸರ್ ಪದವಿ ದೊರೆಯಿತು. ಹತ್ತಾರು ಗ್ರಂಥಗಳನ್ನು ರಚಿಸಿ, ಬ್ರಿಟಿಷ್ ಸ್ಕೀ ವಾರ್ಷಿಕ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದ ಅವರು 1974ರ ಜೂನ್ 2ರಂದು ನಿಧನರಾದರು.

1967ರಲ್ಲಿ ಆರಂಭವಾದ ವಿಶ್ವಕಪ್ ಈ ಆಟಕ್ಕೆ ಋತುವಿನುದ್ದದ ಸೆಣಸಾಟವನ್ನು ತಂದಿತು. ಚಳಿಗಾಲವಿಡೀ ಊರಿಂದೂರಿಗೆ ಸಾಗುತ್ತ, ಸ್ಪರ್ಧೆಯಿಂದ ಸ್ಪರ್ಧೆಗೆ ಅಂಕ ಕೂಡಿಸಬೇಕು. ಒಂದು ಬಾವುಟ ತಪ್ಪಿದರೆ ಅಂದಿನ ಶ್ರಮವೆಲ್ಲ ವ್ಯರ್ಥ. 1988-89ರ ಋತುವಿನಲ್ಲಿ ಸ್ವಿಟ್ಜರ್ಲೆಂಡಿನ ವ್ರೇನಿ ಷ್ನೈಡರ್ ಮಹಿಳೆಯರ ಏಳು ಸ್ಲಾಲಮ್‌ಗಳಲ್ಲಿ ಏಳನ್ನೂ ಗೆದ್ದರು. ಅದಕ್ಕೂ ಒಂದು ವರ್ಷ ಹಿಂದೆ, ಕ್ಯಾಲ್ಗರಿ ಒಲಿಂಪಿಕ್ಸ್‌ನ ಸ್ಲಾಲಮ್‌ನಲ್ಲಿ ಇದೇ ವ್ರೇನಿ ಚಿನ್ನ ಗೆದ್ದಾಗ, ಅದೇ ಇಳಿಜಾರಿನಲ್ಲಿ 28ನೆಯವರಾಗಿ ಗುರಿ ಮುಟ್ಟಿದವರು ಶೈಲಜಾ ಕುಮಾರ್, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಪ್ರಪ್ರಥಮ ಭಾರತೀಯ ಮಹಿಳೆ. ಮೂವತ್ತು ವರ್ಷಗಳ ಬಳಿಕ, 2018ರ ಜನವರಿಯಲ್ಲಿ, ಮನಾಲಿಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯ ಸ್ಲಾಲಮ್‌ನಲ್ಲಿಯೇ ಕಂಚಿನ ಪದಕ ಪಡೆದರು.

ಗೆದ್ದವರಿಗೂ ಕೊನೆಯವರಾಗಿ ಗುರಿ ಮುಟ್ಟಿದವರಿಗೂ ನೆಟ್ಟ ಬಾವುಟಗಳು ಅವೇ, ಎಣಿಸಿದ ಗಡಿಯಾರವೂ ಅದೇ. ನಮ್ಮ ಹೆಣ್ಣುಮಕ್ಕಳು ಇಂದು ಶಾಲೆಯ ಮೈದಾನದಲ್ಲಿ, ಪರೀಕ್ಷೆಯಲ್ಲಿ, ಉದ್ಯೋಗದಲ್ಲಿ ಬಯಸುವುದೂ ಇಷ್ಟನ್ನೇ ಅಲ್ಲವೇ? ರಿಯಾಯಿತಿಯಲ್ಲ, ಸಮಾನ ಅಳತೆ. ಕುಂಟುಗಾಲಿನ ಒಬ್ಬ ಮನುಷ್ಯ ನೂರು ವರ್ಷಗಳ ಹಿಂದೆ ಹಿಮದ ಮೇಲೆ ಅದನ್ನು ಸಾಧಿಸಿ ತೋರಿಸಿದರೆಂಬುದನ್ನು ನಾವು ಮರೆಯದಿರೋಣ.