ಹಲ್ಲಿನ ಕಲೆಯ ಬೆನ್ನು ಹತ್ತಿದ ಡಾಕ್ಟರ್ ಮೆಕೇ



ನಮ್ಮ ಗೋಡೆ ಪತ್ರಿಕೆಯಲ್ಲಿ ರಾಜರು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಎಲ್ಲರೂ ಬಂದು ಹೋದರು. ಈ ಸಲ ನಾನು ಒಬ್ಬ ಹಲ್ಲಿನ ಡಾಕ್ಟರ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಅವರ ಕೆಲಸ ನಮ್ಮ ಪಾವಗಡ ಸೀಮೆಯವರಿಗೆ ಎಷ್ಟು ಹತ್ತಿರದ್ದು ಅಂತ ಪೂರ್ತಿ ಓದಿದರೆ ನಿಮಗೇ ತಿಳಿಯುತ್ತದೆ.

ಅವರ ಹೆಸರು ಫ್ರೆಡೆರಿಕ್ ಮೆಕೇ. ಹುಟ್ಟಿದ್ದು 1874ರಲ್ಲಿ, ಅಮೆರಿಕದಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಓದಿ, 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಬೆಟ್ಟದ ತಪ್ಪಲಿನ ಊರಿಗೆ ಬಂದು ದವಾಖಾನೆ ತೆರೆದರು. ಬಂದವರಿಗೆ ಒಂದು ವಿಚಿತ್ರ ಕಾಣಿಸಿತು. ಆ ಊರಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಕಲೆ! ಕೆಲವರ ಹಲ್ಲಂತೂ ಚಾಕೊಲೇಟ್ ಬಣ್ಣ. ಎಷ್ಟು ಉಜ್ಜಿದರೂ ಹೋಗದು. ಪುಸ್ತಕಗಳಲ್ಲಿ ಹುಡುಕಿದರು, ಎಲ್ಲೂ ಇಲ್ಲ. ಊರಿನ ಬೇರೆ ಡಾಕ್ಟರುಗಳನ್ನು ಕೇಳಿದರೆ ಯಾರಿಗೂ ಅದರಲ್ಲಿ ಆಸಕ್ತಿಯೇ ಇಲ್ಲ. ದಿನಾ ನೋಡುವುದನ್ನು ಯಾರು ತಾನೇ ಪ್ರಶ್ನೆ ಮಾಡುತ್ತಾರೆ?

ಮೆಕೇ ಮಾತ್ರ ಬಿಡಲಿಲ್ಲ. ಆ ಕಾಲದಲ್ಲಿ ಅಮೆರಿಕದ ಬಹು ದೊಡ್ಡ ದಂತವೈದ್ಯ ಅಂದರೆ ಜಿ.ವಿ. ಬ್ಲ್ಯಾಕ್. ಹುಳುಕು ಹಲ್ಲನ್ನು ಹೇಗೆ ಕೊರೆಯಬೇಕು, ಹೇಗೆ ತುಂಬಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮ ಹಾಕಿಕೊಟ್ಟವರೇ ಅವರು. ಇಂಥ ಕಲೆ ಇದೆ ಅಂದರೆ ಮೊದಮೊದಲು ಅವರಿಗೂ ನಂಬಿಕೆ ಬರಲಿಲ್ಲ. 1909ರಲ್ಲಿ ಕೊಲರಾಡೋಗೆ ಬಂದು ಕಣ್ಣಾರೆ ಕಂಡರು. ಆ ಊರಲ್ಲೇ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಮಂದಿಗೆ ಕಲೆ ಇತ್ತು. ಅಲ್ಲಿಂದ 1915ರಲ್ಲಿ ತೀರಿಕೊಳ್ಳುವ ತನಕ ಬ್ಲ್ಯಾಕ್ ಇದರ ಬೆನ್ನು ಬಿಡಲಿಲ್ಲ.

ಇಬ್ಬರೂ ಸೇರಿ ಎರಡು ವಿಷಯ ಕಂಡುಹಿಡಿದರು. ಒಂದು, ಈ ಕಲೆ ಹಲ್ಲು ವಸಡಿನೊಳಗೆ ಬೆಳೆಯುತ್ತಿರುವಾಗಲೇ ಆಗುವ ದೋಷ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಬರುವುದಿಲ್ಲ. ಎರಡನೆಯದು ಇನ್ನೂ ಆಶ್ಚರ್ಯದ್ದು. ಕಲೆಯಾದ ಹಲ್ಲು ನೋಡಲು ಕೆಟ್ಟದಾಗಿದ್ದರೂ ಸುಲಭವಾಗಿ ಹುಳುಕಾಗುತ್ತಿರಲಿಲ್ಲ!

ಮೆಕೇ ಅವರ ಅನುಮಾನ ಕುಡಿಯುವ ನೀರಿನ ಮೇಲೆ ಹೋಯಿತು. 1923ರಲ್ಲಿ ಐಡಾಹೋದ ಓಕ್ಲಿ ಎಂಬ ಸಣ್ಣ ಊರಿಗೆ ಹೋದರು. ಸುಮಾರು 8 ಕಿಲೋಮೀಟರ್ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿಸಿದ ಮೇಲೆಯೇ ಮಕ್ಕಳ ಹಲ್ಲು ಕಂದಾಗತೊಡಗಿತು ಅಂತ ಅಲ್ಲಿನ ತಾಯಂದಿರು ಹೇಳಿದರು. ನೀರು ಪರೀಕ್ಷೆ ಮಾಡಿಸಿದರೆ ಏನೂ ಸಿಗಲಿಲ್ಲ. ಆದರೂ ಮೆಕೇ ಆ ತಾಯಂದಿರ ಮಾತನ್ನು ತಳ್ಳಿಹಾಕಲಿಲ್ಲ. ಆ ಪೈಪು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಎಂದು ಸಲಹೆ ಕೊಟ್ಟರು. ಊರವರು ಹಾಗೇ ಮಾಡಿದರು. ಕೆಲವು ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳು ಬೆಳ್ಳಗಿದ್ದವು. ಕಾರಣ ತಿಳಿಯುವ ಮೊದಲೇ ಮದ್ದು ಸಿಕ್ಕಿತ್ತು ನೋಡಿ.

ಕಾರಣ ತಿಳಿದದ್ದು 1931ರಲ್ಲಿ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬುದು ಅಲ್ಯೂಮಿನಿಯಂ ಕಂಪನಿಯ ಊರು. ಅಲ್ಲೂ ಮಕ್ಕಳಿಗೆ ಇದೇ ಕಲೆ. ಅಲ್ಯೂಮಿನಿಯಂ ಪಾತ್ರೆ ವಿಷ ಅಂತ ಜನ ಆಗಲೇ ಮಾತಾಡಿಕೊಳ್ಳುತ್ತಿದ್ದರು. ಈ ಅಪವಾದವೂ ತಮ್ಮ ತಲೆಗೇ ಬಂದೀತು ಅಂತ ಕಂಪನಿಯ ರಸಾಯನ ತಜ್ಞ ಚರ್ಚಿಲ್ ಅವರು ಆ ಊರಿನ ನೀರನ್ನು ಹೊಸ ಉಪಕರಣದಲ್ಲಿ ಪರೀಕ್ಷಿಸಿದರು. ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತು. ಕೂಡಲೇ ಮೆಕೇಗೆ ಕಾಗದ ಬರೆದರು. ಮೆಕೇ ಕಲೆಯಿರುವ ಬೇರೆ ಊರುಗಳ ನೀರನ್ನೂ ಕಳಿಸಿಕೊಟ್ಟರು. ಅದರಲ್ಲೂ ಫ್ಲೋರೈಡ್ ಇತ್ತು. 30 ವರ್ಷದ ಒಗಟು ಹೀಗೆ ಬಿಡಿಸಿತು.

ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯರು ಅಳತೆ ಕಂಡುಹಿಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಎದ್ದು ಕಾಣುವ ಕಲೆಯೂ ಆಗದು, ಹುಳುಕೂ ಕಡಿಮೆ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಮೊದಲ ಸಲ ನೀರಿಗೆ ಲೆಕ್ಕ ಹಾಕಿ ಫ್ಲೋರೈಡ್ ಬೆರೆಸಿದರು. 11 ವರ್ಷದ ನಂತರ ನೋಡಿದಾಗ, ಅದಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ನೂರಕ್ಕೆ 60ಕ್ಕಿಂತ ಹೆಚ್ಚು ಇಳಿದಿತ್ತು. ಮೆಕೇ ಇದನ್ನೆಲ್ಲ ನೋಡಿಯೇ 1959ರಲ್ಲಿ ತೀರಿಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹಲ್ಲು ಕೆಟ್ಟರೆ ಮೆಷಿನ್ನಿನಲ್ಲಿ ಕೊರೀತಾರೆ ಅಂತ ನಮಗೆಲ್ಲ ಭಯ, ಅಲ್ವಾ? ಆದರೆ ಹುಳುಕು ಒಂದೇ ದಿನಕ್ಕೆ ತೂತಾಗುವುದಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಬೆಲ್ಲ, ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಆಮ್ಲಕ್ಕೆ ಹಲ್ಲಿನ ಮೇಲ್ಪದರದ ಸುಣ್ಣದ ಅಂಶ ಕರಗಿ ಹೋಗುತ್ತದೆ. ಮೊದಲು ಕಾಣುವುದು ಸೀಮೆಸುಣ್ಣದ ಹಾಗಿರುವ ಒಂದು ಬಿಳಿ ಚುಕ್ಕೆ. ಅಷ್ಟರಲ್ಲಿ ಎಚ್ಚೆತ್ತರೆ ಕೊರೆಯುವುದೇ ಬೇಡ! ನಮ್ಮ ಜೊಲ್ಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇರುತ್ತವೆ. ಅವು ಕರಗಿದ ಜಾಗಕ್ಕೆ ವಾಪಸು ಬಂದು ಕೂರುತ್ತವೆ. ಸ್ವಲ್ಪ ಫ್ಲೋರೈಡ್ ಜೊತೆಗಿದ್ದರೆ ಅವು ಬೇಗ ಕೂರುತ್ತವೆ, ಆ ಜಾಗ ಮುಂಚಿಗಿಂತ ಗಟ್ಟಿಯಾಗುತ್ತದೆ. ಮಳೆಗೆ ಮಣ್ಣಿನ ಗೋಡೆ ಸವೆದಾಗ ಅಮ್ಮ ಮಣ್ಣು ಮೆತ್ತಿ ಸಾರಿಸುವುದಿಲ್ಲವೇ, ಹಾಗೆ. ಗೋಡೆ ತೂತು ಬಿದ್ದ ಮೇಲೆ ಸಾರಿಸಿದರೆ ನಿಲ್ಲುತ್ತದೆಯೇ? ಹಲ್ಲೂ ಅಷ್ಟೇ. ತೂತಾದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ, ಡಾಕ್ಟರ ಹತ್ತಿರ ಹೋಗಲೇಬೇಕು.

ಇದಕ್ಕೆ ಲೆಕ್ಕವೂ ಇದೆ. ಹಾಲೆಂಡಿನಲ್ಲಿ ಬ್ಯಾಕರ್ ಡಿರ್ಕ್ಸ್ ಎಂಬುವರು 8 ವರ್ಷದ ಮಕ್ಕಳ ದವಡೆ ಹಲ್ಲಿನಲ್ಲಿ 72 ಬಿಳಿ ಚುಕ್ಕೆ ಗುರುತು ಹಾಕಿಕೊಂಡಿದ್ದರು. ಅದೇ ಮಕ್ಕಳಿಗೆ 15 ವರ್ಷವಾದಾಗ ನೋಡಿದರೆ 37 ಚುಕ್ಕೆ ಮಾಯ, 26 ಹಾಗೇ ಇದ್ದವು, 9 ಮಾತ್ರ ತೂತಾಗಿದ್ದವು. 1966ರಲ್ಲಿ ಇದನ್ನು ಪ್ರಕಟಿಸಿದರು.

ಹಾಗಾದರೆ ಫ್ಲೋರೈಡ್ ಒಳ್ಳೆಯದಾ, ಕೆಟ್ಟದ್ದಾ? ಎರಡೂ ಹೌದು. ಉಪ್ಪಿನ ಹಾಗೆ, ಅಳತೆ ಮುಖ್ಯ. ಕೋಲಾರ, ಪಾವಗಡ, ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಷ್ಟೇ ಅಲ್ಲ, ಮೂಳೆಯೂ ಕೆಡುತ್ತದೆ. ನಮ್ಮ ಶಾಲೆಯಲ್ಲೇ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಸರಿಯಾಗಿ ಹಲ್ಲುಜ್ಜಲ್ಲ ಅಂತ ಅವರನ್ನು ಆಡಿಕೊಳ್ಳುತ್ತಾರೆ. ಅದು ಕೊಳೆ ಅಲ್ಲ, ಅವರು ಚಿಕ್ಕವರಿದ್ದಾಗ ಕುಡಿದ ನೀರಿನ ಗುರುತು. ಇನ್ನು ಮೇಲೆ ಯಾರೂ ಹಾಗೆ ಆಡಿಕೊಳ್ಳಬಾರದು ಅಂತ ಹೇಳೋಕೇ ನಾನು ಇಷ್ಟೆಲ್ಲ ಬರೆದಿದ್ದು.

ನಾವು ಮಾಡಬೇಕಾದ್ದು ಇಷ್ಟು:

1. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಬೇಕು. ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ನುಂಗದೆ ಉಗಿಯಬೇಕು.
2. ನಮ್ಮಂಥ ಊರುಗಳಲ್ಲಿ ಚಿಕ್ಕ ತಮ್ಮ ತಂಗಿಯರಿಗೆ ಯಾವ ಪೇಸ್ಟು ಅಂತ ಡಾಕ್ಟರನ್ನು ಕೇಳಿ ಕೊಡಬೇಕು.
3. ಮಿಠಾಯಿಯನ್ನು ದಿನವಿಡೀ ಚೀಪುತ್ತಾ ಇರಬಾರದು. ಜೊಲ್ಲಿಗೆ ರಿಪೇರಿ ಮಾಡಲು ಬಿಡುವು ಬೇಕು.
4. ಬಿಳಿ ಚುಕ್ಕೆ ಕಂಡರೆ ನೋವು ಬರುವ ತನಕ ಕಾಯದೆ ಆಸ್ಪತ್ರೆಗೆ ತೋರಿಸಬೇಕು.
5. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ ಅಂತ ಪಂಚಾಯ್ತಿಗೆ ಅರ್ಜಿ ಕೊಡಬೇಕು.

ಐದನೆಯದಕ್ಕೆ ನಮ್ಮ ತರಗತಿಯವರೆಲ್ಲ ಸೇರಿ ಅರ್ಜಿ ಬರೆಯೋಣ. ಓಕ್ಲಿಯಲ್ಲಿ ಮಾತಾಡಿದ್ದು ತಾಯಂದಿರು. ಇಲ್ಲಿ ನಾವೇ ಯಾಕೆ ಕೇಳಬಾರದು? ಸಹಿ ಹಾಕುವವರು ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಈ ಗೋಡೆಯ ಹತ್ತಿರ ಬನ್ನಿ. ಪೆನ್ನು ನಾನು ತರ್ತೀನಿ.

— ಒಂಬತ್ತನೇ ತರಗತಿ