ಮೇಣದ ಬತ್ತಿಯಿಂದ ಪಾಠ ಹೇಳಿದ ಪಂಡಿತನು

ಮೇಣದ ಬತ್ತಿಯನ್ನು ಊದಿ ಆರಿಸಿದಾಗ ಅದರ ತುದಿಯಿಂದ ಬಿಳಿಯ ಹೊಗೆಯು ಎಳೆಯಾಗಿ ಏಳುವದನ್ನು ನೀವೆಲ್ಲರೂ ಕಂಡಿದ್ದೀರಿ. ಆದರೆ ಅದು ಏನೆಂದು ವಿಚಾರಿಸುವವರು ಸ್ವಲ್ಪ ಜನರೇ. ಇಂಥ ಸಣ್ಣ ಸಂಗತಿಯನ್ನು ಅಲ್ಪವೆಂದೆಣಿಸದೆ, ಅದರ ಮೂಲಕವೇ ಮಕ್ಕಳಿಗೆ ಸೃಷ್ಟಿಯ ಕ್ರಮಗಳನ್ನು ತಿಳಿಯಪಡಿಸಿದ ಮೈಕೆಲ್ ಫ್ಯಾರಡೆ ಎಂಬ ಮಹಾಪಂಡಿತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಈತನು 1791ನೆಯ ಇಸವಿ ಸೆಪ್ಟೆಂಬರ್ 22ರಲ್ಲಿ ಲಂಡನ್ ಪಟ್ಟಣದ ಬಳಿಯಲ್ಲಿ ಹುಟ್ಟಿದನು. ತಂದೆಯು ಕಮ್ಮಾರನು, ದೇಹಸೌಖ್ಯವಿಲ್ಲದ್ದರಿಂದ ಅನೇಕ ದಿನಗಳಲ್ಲಿ ಕುಲುಮೆಗೆ ಹೋಗಲಾರದವನು. 1801ರಲ್ಲಿ ಧಾನ್ಯವು ಬಹಳ ತುಟ್ಟಿಯಾದಾಗ ಬಾಲಕನಾದ ಮೈಕೆಲನಿಗೆ ವಾರಕ್ಕೆ ಒಂದೇ ರೊಟ್ಟಿ ದೊರೆಯುತ್ತಿತ್ತು. ಓದು ಬರಹ ಮತ್ತು ಸ್ವಲ್ಪ ಲೆಕ್ಕ, ಇಷ್ಟೇ ಆತನು ಶಾಲೆಯಲ್ಲಿ ಕಲಿತದ್ದು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತನನ್ನು ಪುಸ್ತಕಗಳಿಗೆ ರಟ್ಟು ಕಟ್ಟುವ ರೀಬೋ ಎಂಬವನ ಬಳಿಯಲ್ಲಿ ಏಳು ವರುಷ ಕೆಲಸ ಕಲಿಯುವದಕ್ಕೆ ಬಿಟ್ಟರು. ಹುಡುಗನು ಪುಸ್ತಕಗಳ ಹೊರಗನ್ನು ಕಟ್ಟಿದ್ದಲ್ಲದೆ ಒಳಗನ್ನೂ ಓದಿದನು. ಮಾರ್ಸೆಟ್ ಎಂಬ ಸ್ತ್ರೀಯು ಬರೆದ ರಸಾಯನಶಾಸ್ತ್ರದ ಪುಸ್ತಕವು ಕೈಗೆ ಸಿಕ್ಕಲು, ಅದರಲ್ಲಿ ಹೇಳಿದವುಗಳನ್ನು ತನ್ನ ಬಡತನಕ್ಕೆ ತಕ್ಕಮಟ್ಟಿಗೆ ಸ್ವತಃ ಮಾಡಿ ನೋಡಿದನು.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಒಬ್ಬ ದಯಾಳುವು ಆತನಿಗೆ ರಾಯಲ್ ಇನ್‌ಸ್ಟಿಟ್ಯೂಶನ್ ಎಂಬ ವಿದ್ಯಾಸಂಸ್ಥೆಯಲ್ಲಿ ಹಂಫ್ರಿ ಡೇವಿ ಪಂಡಿತನ ಉಪನ್ಯಾಸಗಳನ್ನು ಕೇಳುವದಕ್ಕೆ ಚೀಟಿಗಳನ್ನು ಕೊಟ್ಟನು. ಫ್ಯಾರಡೆಯು ಕೇಳಿದ್ದನ್ನೆಲ್ಲಾ ಅಂದವಾಗಿ ಬರೆದು, ಚಿತ್ರಗಳನ್ನು ಹಾಕಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಇದರಿಂದ 1813ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಸಹಾಯಕನ ಉದ್ಯೋಗವು ದೊರಕಿತು. ಹೀಗೆ ಕಲಿತ ಕೈಕೆಲಸವೇ ಆತನಿಗೆ ವಿದ್ಯೆಯ ಬಾಗಲನ್ನು ತೆರೆಯಿತು.

ಆ ಮೇಲೆ ಆತನು ಮಾಡಿದ ಕಾರ್ಯಗಳು ಲೋಕಪ್ರಸಿದ್ಧವಾದವುಗಳು. 1831ರಲ್ಲಿ, ತಂತಿಯ ಸುರುಳಿಯ ಬಳಿಯಲ್ಲಿ ಅಯಸ್ಕಾಂತವನ್ನು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವದೆಂದು ಕಂಡುಹಿಡಿದನು. ಇಂದು ನಮ್ಮ ಊರುಗಳಿಗೆ ಬರುವ ವಿದ್ಯುದ್ದೀಪದ ಬೆಳಕಿಗೆ ಮುಖ್ಯ ಮೂಲವು ಇದೇ. ಹೀಗೆ ಹೊಸ ಬೆಳಕಿಗೆ ದಾರಿ ಮಾಡಿದವನು ಹಳೆಯ ಮೇಣದ ಬತ್ತಿಯನ್ನು ಮಾತ್ರ ಮರೆಯಲಿಲ್ಲ.

ಆ ಸಂಸ್ಥೆಯಲ್ಲಿ ವರುಷ ವರುಷವೂ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸಗಳಾಗುತ್ತಿದ್ದವು. ಫ್ಯಾರಡೆಯು 1827ರಿಂದ 1860ರ ವರೆಗೆ ಹತ್ತೊಂಬತ್ತು ವರುಷಗಳಲ್ಲಿ ಇವುಗಳನ್ನು ತಾನೇ ನಡಿಸಿದನು. 1848ರಲ್ಲಿಯೂ ತಿರಿಗಿ 1860ರಲ್ಲಿಯೂ ಮೇಣದ ಬತ್ತಿಯನ್ನೇ ವಿಷಯವಾಗಿ ಆರಿಸಿಕೊಂಡನು.

ಮೊದಲು ಬತ್ತಿಗಳನ್ನು ಮಾಡುವ ರೀತಿಯನ್ನು ವಿವರಿಸಿದನು. ಪೂರ್ವದಲ್ಲಿ ಯೂರೋಪಿನ ಬಡವರು ದನ ಕುರಿಗಳ ಕೊಬ್ಬನ್ನು ಕರಗಿಸಿ, ಅದರಲ್ಲಿ ನೂಲನ್ನು ಅನೇಕ ಸಾರಿ ಅದ್ದಿ ತೆಗೆದು ಬತ್ತಿ ಮಾಡುತ್ತಿದ್ದರು. ಜೇನುಮೇಣದ ಬತ್ತಿಯು ಹಣವಂತರಿಗೇ ಸಾಧ್ಯವಾಗಿತ್ತು. ಕೊಬ್ಬಿನ ಬತ್ತಿಯು ಹೊಗೆಯಾಡಿ ನಾರುತ್ತಿತ್ತು. ಕರಿಗಟ್ಟಿದ ನೂಲನ್ನು ಆಗಾಗ್ಗೆ ಕತ್ತರಿಸಬೇಕಾಗಿತ್ತು. ಫ್ರಾನ್ಸ್ ದೇಶದ ಶೆವ್ರೂಲ್ ಎಂಬವನು ಕೊಬ್ಬಿನ ಗುಣಗಳನ್ನು ಶೋಧಿಸಿದ ಮೇಲೆ ಈ ಕಷ್ಟವು ತಗ್ಗಿತು. ಕೊಬ್ಬನ್ನು ಸುಣ್ಣದೊಡನೆ ಕುದಿಸಿ, ಗಂಧಕಾಮ್ಲದಿಂದ ಸುಣ್ಣವನ್ನು ಬೇರ್ಪಡಿಸಿ, ಉಳಿದದ್ದನ್ನು ಒತ್ತಿ ಎಣ್ಣೆಯನ್ನು ತೆಗೆದರೆ ಸ್ಟಿಯರಿನ್ ಎಂಬ ಬಿಳಿಯ ಗಟ್ಟಿ ಪದಾರ್ಥವು ದೊರೆಯುತ್ತದೆ. ಅದನ್ನು ಕರಗಿಸಿ ಅಚ್ಚಿನಲ್ಲಿ ಹೊಯ್ದರೆ ಕೈಗೆ ಜಿಡ್ಡಾಗದ ಶುಭ್ರವಾದ ಬತ್ತಿಯಾಗುತ್ತದೆ. ಹೆಣೆದ ನೂಲನ್ನು ಹಾಕಿದರೆ ಅದು ಉರಿಯುತ್ತಾ ಹೊರಕ್ಕೆ ಬಾಗಿ ತಾನೇ ಸುಟ್ಟುಹೋಗುವದರಿಂದ ಕತ್ತರಿಯ ಕೆಲಸವೂ ಬೇಡ.

ಅನಂತರ ಉರಿಯ ವಿಷಯವಾಗಿ ಬೋಧಿಸಿದನು. ಸುತ್ತಲಿಂದ ಮೇಲೇರುವ ಗಾಳಿಯು ಬತ್ತಿಯ ಅಂಚನ್ನು ತಂಪಾಗಿಡುವದರಿಂದ ನಡುವಿನ ಮೇಣ ಮಾತ್ರ ಕರಗಿ ಬಟ್ಟಲಿನಂತಾಗುತ್ತದೆ. ಕರಗಿದ ಮೇಣವು ನೂಲನ್ನು ಹಿಡಿದು ಮೇಲೇರಿ ಆವಿಯಾಗುತ್ತದೆ. ಉರಿಯುವದು ಆ ಆವಿಯೇ. ಬತ್ತಿಯನ್ನು ಆರಿಸಿದಾಗ ಏಳುವ ಬಿಳಿಯ ಹೊಗೆಯೂ ಅದೇ. ಆದದರಿಂದ ಉರಿಯುವ ಕಡ್ಡಿಯನ್ನು ಎರಡು ಮೂರು ಅಂಗುಲ ದೂರದಲ್ಲಿ ಆ ಹೊಗೆಗೆ ಹಿಡಿದರೂ ಬೆಂಕಿಯು ಅದರ ಮೂಲಕ ಓಡಿ ಬತ್ತಿಯನ್ನು ತಿರಿಗಿ ಹೊತ್ತಿಸುತ್ತದೆ. ಉರಿಯ ಮೇಲೆ ತಣ್ಣನೆಯ ಪಾತ್ರೆಯನ್ನು ಹಿಡಿದರೆ ನೀರಿನ ಹನಿಗಳು ಕಟ್ಟುತ್ತವೆ. ಉರಿಯಿಂದ ಬಂದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಸೇರಿಸಿದರೆ ನೀರು ಹಾಲಿನಂತೆ ಬಿಳುಪಾಗುತ್ತದೆ. ನಮ್ಮ ಉಸಿರನ್ನು ಊದಿದರೂ ಹಾಗೆಯೇ ಆಗುವದು. ಯಾಕಂದರೆ ನಾವು ತಿಂದ ಆಹಾರವು ನಮ್ಮೊಳಗೆ ಉರಿಯಿಲ್ಲದೆ ಮೆಲ್ಲಗೆ ದಹಿಸಿ ಬತ್ತಿಯಂತೆಯೇ ಇಂಗಾಲಾಮ್ಲವಾಯುವನ್ನು ಬಿಡುತ್ತದೆ. ಗಿಡಮರಗಳು ಆ ವಾಯುವನ್ನು ತಕ್ಕೊಂಡು ಬೆಳೆಯುತ್ತವೆ. ಹೀಗೆ ಒಂದು ಬತ್ತಿಯ ಉರಿಯಲ್ಲಿ ಮನುಷ್ಯನ ಉಸಿರೂ ಹೊಲದ ಪೈರೂ ಒಂದಕ್ಕೊಂದು ಸಂಬಂಧವುಳ್ಳವುಗಳಾಗಿ ಕಂಡವು.

ಫ್ಯಾರಡೆಯು ಸ್ಯಾಂಡಮನಿಯರೆಂಬ ಚಿಕ್ಕ ಸಭೆಗೆ ಸೇರಿದವನು. 1821ರಲ್ಲಿ ಸಾರಾ ಬರ್ನಾರ್ಡಳನ್ನು ಮದುವೆಯಾದನು. ಅದೇ ವರುಷ ಸಭೆಯ ಮುಂದೆ ತನ್ನ ನಂಬಿಕೆಯನ್ನು ಅರಿಕೆಮಾಡಿದನು. ಅವರಲ್ಲಿ ಸಂಬಳದ ಬೋಧಕರಿರಲಿಲ್ಲ. ಈತನೇ ಹಿರಿಯನಾಗಿ ಪ್ರಸಂಗ ಮಾಡಿದನು, ರೋಗಿಗಳನ್ನೂ ಬಡವರನ್ನೂ ಸಂಧಿಸಿದನು. ಹೆಚ್ಚು ಹಣ ತರುವ ಕೆಲಸಗಳನ್ನು ಬಿಟ್ಟು ಶೋಧನೆಯಲ್ಲಿಯೇ ನಿಂತನು. ರಾಯಲ್ ಸೊಸೈಟಿಯ ಅಧ್ಯಕ್ಷಸ್ಥಾನವನ್ನೂ ಒಲ್ಲೆನೆಂದನು.

1860ರಲ್ಲಿ ಆತನಿಗೆ 69 ವರುಷ. ಅನೇಕ ವರುಷಗಳಿಂದ ಜ್ಞಾಪಕಶಕ್ತಿಯು ಕುಂದುತ್ತಾ ಬಂದು, ಪಂಡಿತನಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲವೆಂಬಂತಾಗಿತ್ತು. ಆದರೂ ಮಕ್ಕಳ ಮುಂದೆ ನಿಂತು ಆರು ಉಪನ್ಯಾಸಗಳನ್ನೂ ಪೂರೈಸಿದನು. ಮಕ್ಕಳಿಗಾಗಿ ಆತನು ಮಾಡಿದವುಗಳಲ್ಲಿ ಇವೇ ಕಡೆಯವು. ಕೊನೆಗೆ, ನೀವೂ ಬತ್ತಿಯ ಹಾಗೆ ಸುತ್ತಲಿನವರಿಗೆ ಬೆಳಕಾಗಬೇಕೆಂದು ಅವರಿಗೆ ಹಾರೈಸಿದನು. ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಹೊರಟು ಇಂದಿಗೂ ಓದಲ್ಪಡುತ್ತವೆ.

1867ನೆಯ ಆಗಸ್ಟ್ 25ರಲ್ಲಿ ಆತನು ತನ್ನ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಶಾಂತವಾಗಿ ತೀರಿಹೋದನು. ಆತನ ಇಷ್ಟದಂತೆ ಆಡಂಬರವಿಲ್ಲದೆ ಹೂಣಿಟ್ಟರು. ವಾಚಕರೇ, ಈ ಸಾಯಂಕಾಲ ನಿಮ್ಮ ಮನೆಯಲ್ಲಿ ಬತ್ತಿಯನ್ನು ಹೊತ್ತಿಸುವಾಗ ಮಕ್ಕಳನ್ನು ಹತ್ತಿರ ಕರೆದು ಆ ಉರಿಯನ್ನು ತೋರಿಸಿರಿ. ಬಡ ಕಮ್ಮಾರನ ಮಗನು ತಿಳಿದುಕೊಂಡದ್ದನ್ನು ಬಡವರ ಮಕ್ಕಳು ತಿಳಿಯಲಾರರೆಂದು ಯಾರೂ ನೆನಸದಿರಲಿ.