ಮೂರು ನಿಮಿಷದ ಗೌಹರ್ ಜಾನ್

ಹಾಸ್ಟೆಲ್‌ನಲ್ಲಿ ಪ್ಲೇಸ್ಟೇಷನ್ ಮೇಲಾ ಎಕ್ಸ್‌ಬಾಕ್ಸ್ ಮೇಲಾ ಅನ್ನೋ ಜಗಳ ಮುಗಿಯೋದೇ ಇಲ್ಲ. ಮುಂದಿನ ಕನ್ಸೋಲ್‌ನಲ್ಲಿ ಡಿಸ್ಕ್ ಡ್ರೈವ್ ಇರುತ್ತೋ ಇಲ್ವೋ ಅನ್ನೋದು ಈಗಿನ ಚರ್ಚೆ. 2006ರಲ್ಲೂ ಇದೇ ಜಗಳ ಇತ್ತು. ಪಿಎಸ್3 ಒಳಗೇ ಬ್ಲೂ-ರೇ, ಎಕ್ಸ್‌ಬಾಕ್ಸ್ 360ಕ್ಕೆ ಬೇರೆಯಾಗಿ ಕೊಳ್ಳಬೇಕಾದ ಎಚ್‌ಡಿ ಡಿವಿಡಿ ಡ್ರೈವ್. ಎರಡರಲ್ಲೂ ಅದೇ 405 ನ್ಯಾನೋಮೀಟರ್ ಲೇಸರ್, ಆದರೆ ಒಂದು ಪದರದಲ್ಲಿ ಅದಕ್ಕೆ 25 ಜಿಬಿ, ಇದಕ್ಕೆ 15 ಜಿಬಿ. 2008ರ ಫೆಬ್ರವರಿಯಲ್ಲಿ ತೋಶಿಬಾ ಕೈಚೆಲ್ಲಿತು. ಇಂಥದೇ ಜಗಳ ಅದಕ್ಕೂ ನೂರು ವರ್ಷ ಮೊದಲು ಕಲ್ಕತ್ತಾದಲ್ಲಿ ನಡೆದಿತ್ತು. ಅಲ್ಲಿ ಗೆದ್ದ ಫಾರ್ಮ್ಯಾಟ್‌ನ ದೊಡ್ಡ ಸ್ಟಾರ್ ಕೊನೆಗೆ ತೀರಿಕೊಂಡಿದ್ದು ನಮ್ಮ ಮೈಸೂರಿನಲ್ಲಿ.

ಗೌಹರ್ ಜಾನ್ ಹುಟ್ಟಿದ್ದು 1873ರಲ್ಲಿ, ಅಜಂಗಢದಲ್ಲಿ. ಆಗಿನ ಹೆಸರು ಏಂಜಲೀನಾ ಯೋವರ್ಡ್. ಅಪ್ಪ ಅರ್ಮೇನಿಯನ್ ಮೂಲದವರು. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿ ಮಗಳು ಬನಾರಸಿಗೆ ಬಂದರು, ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್. ಆಮೇಲೆ ಇಬ್ಬರೂ ಕಲ್ಕತ್ತಾಗೆ ಹೋದರು. 1887ರಲ್ಲಿ, ಅಂದ್ರೆ ನಮ್ಮಲ್ಲಿ ಹೆಚ್ಚಿನವರು ಒಂಬತ್ತನೇ ಕ್ಲಾಸಲ್ಲಿ ಇರುವ ವಯಸ್ಸಿಗೆ, ದರ್ಭಂಗಾ ರಾಜರ ಆಸ್ಥಾನದಲ್ಲಿ ಹಾಡಿದರು. ಅದೇ ವರ್ಷ ಅಮೆರಿಕದಲ್ಲಿ ಎಮಿಲ್ ಬರ್ಲಿನರ್ ಗ್ರಾಮಫೋನ್‌ಗೆ ಪೇಟೆಂಟ್ ಪಡೆದರು. ಇದು ಬರೀ ಕಾಕತಾಳೀಯ, ಆದರೂ ನಮಗೆ ಹೇಳದೆ ಇರೋಕಾಗಲಿಲ್ಲ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದರು. ಭಾರತದಲ್ಲಿ ಮೊದಲು ರೆಕಾರ್ಡ್ ಆದವರು ಗೌಹರ್ ಅಂತ ಎಲ್ಲ ಕಡೆ ಬರೆದಿರುತ್ತೆ. ಸರಿಯಾಗಿ ನೋಡಿದರೆ ಗೈಸ್‌ಬರ್ಗ್ ಅದಕ್ಕೆ ಮೂರು ದಿನ ಮೊದಲೇ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ರಂಗಭೂಮಿ ಹುಡುಗಿಯರ ಹಾಡು ತೆಗೆದಿದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲ. ನವೆಂಬರ್ 11ರಂದು ಒಡವೆ ಹಾಕಿಕೊಂಡು, ಪರಿವಾರ ಕಟ್ಟಿಕೊಂಡು ಬಂದ ಗೌಹರ್ ಮಾತ್ರ ಉಳಿದರು. ಒಂದು ಸೆಷನ್‌ಗೆ 3,000 ರೂಪಾಯಿ ಕೇಳಿದ್ದರು ಅಂತ ಹೇಳ್ತಾರೆ.

ಆಗ ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಜೋರಾಗಿ ಹಾಡಬೇಕು. ಆ ಒತ್ತಡಕ್ಕೆ ತುದಿಯಲ್ಲಿರುವ ಡಯಾಫ್ರಾಮ್ ಅದುರಿ, ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತೆ. ಮೇಣದ ತಟ್ಟೆ ಹಡಗಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಲೋಹದ ಅಚ್ಚಾಗಿ, ಅರಗಿನ ಡಿಸ್ಕ್ ಆಗಿ ವಾಪಸ್ ಬರುತ್ತೆ. ಹಾಡಿದವರು ಯಾರು ಅಂತ ಜರ್ಮನಿಯವರಿಗೆ ಗೊತ್ತಾಗಲಿ ಅಂತ ಗೌಹರ್ ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಮೆಟಾಡೇಟಾ.

ಕಷ್ಟ ಇದ್ದಿದ್ದು ಸಮಯದ್ದು. ಒಂದು ಡಿಸ್ಕ್‌ನಲ್ಲಿ ಹಿಡಿಸೋದು ಹೆಚ್ಚುಕಮ್ಮಿ ಮೂರು ನಿಮಿಷ. ಬಸ್ಸಲ್ಲಿ ಪೆರೇಸಂದ್ರದಿಂದ ಚಿಕ್ಕಬಳ್ಳಾಪುರ ಮುಟ್ಟೋದರೊಳಗೆ ಏಳೆಂಟು ರೆಕಾರ್ಡ್ ಮುಗಿದುಹೋಗುತ್ತೆ. ಮೆಹಫಿಲ್‌ನಲ್ಲಿ ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದ ಕಾಲ ಅದು. ಎಷ್ಟೋ ಉಸ್ತಾದರು ಈ ಮೆಷಿನ್ ಹತ್ತಿರಾನೇ ಬರಲಿಲ್ಲ. ಗೌಹರ್ ರಾಗವನ್ನು ಮೂರು ನಿಮಿಷಕ್ಕೆ ಹೊಸದಾಗಿ ಕಟ್ಟಿದರು: ನಿಧಾನದ ಆಲಾಪ ಇಲ್ಲ, ನೇರ ಬಂದಿಶ್, ತಕ್ಷಣ ತಾನ್, ಕೊನೆಗೆ ಹೆಸರು. ಇದನ್ನು ಬರೀ ಕತ್ತರಿ ಹಾಕಿದ್ದು ಅನ್ನೋಕಾಗಲ್ಲ. ನಮ್ಮ ಪ್ರಕಾರ ಇದು ಅಪ್ಪಟ ಎಂಜಿನಿಯರಿಂಗ್. 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ರೆಕಾರ್ಡ್ ಮಾಡಿದರು.

ಈಗ ಎದುರು ಪಾರ್ಟಿ. ಅದೇ ಕಲ್ಕತ್ತಾದಲ್ಲಿ ಹೇಮೇಂದ್ರ ಮೋಹನ್ ಬೋಸ್ ಮೇಣದ ಸಿಲಿಂಡರ್‌ಗಳಲ್ಲಿ ಹಾಡು ಮಾರುತ್ತಿದ್ದರು. ರವೀಂದ್ರನಾಥ ಠಾಕೂರರ ದನಿಯೂ ಅದರಲ್ಲಿತ್ತು. ಟೆಕ್ನಿಕಲ್ ಆಗಿ ಸಿಲಿಂಡರ್ ಕಳಪೆಯೇನಲ್ಲ. ಸಿಲಿಂಡರ್‌ನಲ್ಲಿ ಸೂಜಿ ಕೆಳಗೆ ಗೆರೆ ಓಡುವ ವೇಗ ಮೊದಲಿಂದ ಕೊನೆವರೆಗೆ ಒಂದೇ. ಡಿಸ್ಕ್‌ನಲ್ಲಿ ಒಳಸುತ್ತಿಗೆ ಹೋದಂತೆ ವೇಗ ಕಡಿಮೆಯಾಗಿ ದನಿ ಮಂಕಾಗುತ್ತೆ. (ಸಿಡಿ ಒಳಗಿಂದ ಹೊರಗೆ ಹೋಗ್ತಾ ಸುಮಾರು 500 ಆರ್‌ಪಿಎಂನಿಂದ 200ಕ್ಕೆ ಇಳಿಯೋದು ಇದೇ ತೊಂದರೆ ತಪ್ಪಿಸೋಕೆ.) ಆದರೆ ಡಿಸ್ಕ್ ದೋಸೆ ಥರ ಒಂದೇ ಅಚ್ಚಲ್ಲಿ ಸಾವಿರ ಪ್ರತಿ ಬರುತ್ತೆ, ಕಪಾಟಿನಲ್ಲಿ ಪುಸ್ತಕದ ಹಾಗೆ ನಿಲ್ಲುತ್ತೆ. ಬೋಸ್ ಆಮೇಲೆ ಪಾಥೆ ಕಂಪನಿಯ ಡಿಸ್ಕ್‌ಗೆ ಬಂದರು. ಅದರಲ್ಲಿ ಸೂಜಿ ಮೇಲೆ ಕೆಳಗೆ ಆಡಬೇಕು, ಗ್ರಾಮಫೋನ್ ಕಂಪನಿಯದರಲ್ಲಿ ಎಡಕ್ಕೆ ಬಲಕ್ಕೆ. ಒಂದರ ಡಿಸ್ಕ್ ಇನ್ನೊಂದರ ಮೆಷಿನ್‌ನಲ್ಲಿ ಕೇಳೋ ಹಾಗಿಲ್ಲ! ಜನ ಮೆಷಿನ್ ಕೊಂಡಿದ್ದು ಯಾರ ಹಾಡು ಯಾವುದರಲ್ಲಿ ಸಿಗುತ್ತೆ ಅಂತ ನೋಡಿ, ನಾವು ಗೇಮ್ ನೋಡಿ ಕನ್ಸೋಲ್ ಆರಿಸೋ ಹಾಗೆ. ಬೋಸ್ ಅವರ ಸಿಲಿಂಡರ್‌ಗಳಲ್ಲಿ ಬಹುಪಾಲು ಹಾಳಾಗಿಹೋದವು, ಠಾಕೂರರ ಹಾಡುಗಳ ಸಮೇತ.

ಗೌಹರ್ 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಜೊತೆ ಐದನೇ ಜಾರ್ಜ್ ಎದುರು ಹಾಡಿದರು. ಮುಂದಿನದು ಇಳಿಜಾರು. ನಂಬಿದವರ ಜೊತೆ ಕೋರ್ಟು ಕೇಸು, ಕರಗಿದ ಆಸ್ತಿ, ಊರಿಂದೂರಿಗೆ ಅಲೆದಾಟ. 1928ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಿಕೊಂಡರು. ಸಂಬಳ ತಿಂಗಳಿಗೆ 500 ರೂಪಾಯಿ. ಒಂದು ಸೆಷನ್‌ಗೆ 3,000 ಕೇಳಿದ್ದವರಿಗೆ! ಒಂದೂವರೆ ವರ್ಷ ಕಳೆಯೋದರೊಳಗೆ, 1930ರ ಜನವರಿ 17ರಂದು, ಮೈಸೂರಿನಲ್ಲೇ ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳು ಮೊದಲು ಎಡಿಸನ್ ಕಂಪನಿ ಸಿಲಿಂಡರ್ ತಯಾರಿಕೆ ನಿಲ್ಲಿಸಿತ್ತು.

ಅವರ ಕೊನೆಯ ದಿನಗಳ ಕಾಗದಪತ್ರ ಮೈಸೂರು ಅರಮನೆಯ ಕಡತಗಳಲ್ಲಿ ಸುಮ್ಮನೆ ಬಿದ್ದಿತ್ತು. ಒಡೆಯರ್ ವಂಶದ ಬಗ್ಗೆ ಹುಡುಕುತ್ತಿದ್ದ ಬೆಂಗಳೂರಿನ ವಿಕ್ರಮ್ ಸಂಪತ್ ಕೈಗೆ ಅದು ಸಿಕ್ಕಿ, 2010ರಲ್ಲಿ ಗೌಹರ್ ಜೀವನಚರಿತ್ರೆ ಬಂತು. ಅವರೂ ಬಿಟ್ಸ್ ಪಿಲಾನಿಯಲ್ಲಿ ಎಂಜಿನಿಯರಿಂಗ್ ಓದಿದವರು. ಹಳೇ ಡಿಸ್ಕ್‌ಗಳನ್ನು ಡಿಜಿಟೈಸ್ ಮಾಡಿಸಿ ನೆಟ್‌ನಲ್ಲಿ ಹಾಕುವ ಕೆಲಸವನ್ನೂ ಅವರು ಶುರು ಮಾಡಿದರು, ಈಗ ಇಯರ್‌ಫೋನಲ್ಲೇ ಕೇಳಬಹುದು. ಕೇಳುವಾಗ ಒಂದು ವಿಷಯ ಗಮನಿಸಿ. 1902ರಲ್ಲಿ 78 ಆರ್‌ಪಿಎಂ ಅನ್ನೋ ಸ್ಟ್ಯಾಂಡರ್ಡ್ ಇನ್ನೂ ಗಟ್ಟಿಯಾಗಿರಲಿಲ್ಲ, ಒಂದೊಂದು ಡಿಸ್ಕ್ ಒಂದೊಂದು ವೇಗದ್ದು. ತಿರುಗಿಸುವ ವೇಗ ಸ್ವಲ್ಪ ತಪ್ಪಿದರೂ ಶ್ರುತಿ ಮೇಲೆ ಕೆಳಗೆ ಆಗುತ್ತೆ. ಹಾಗಾಗಿ ಒಂದೇ ಹಾಡಿನ ಎರಡು ಅಪ್‌ಲೋಡ್ ಹಾಕಿ ನೋಡಿದರೆ, ಒಂದರಲ್ಲಿ ಕೊನೆಗೆ ಹೆಸರು ಹೇಳೋದು ಚಿಕ್ಕ ಹುಡುಗಿ ಥರ ಕೇಳಿಸಬಹುದು, ಇನ್ನೊಂದರಲ್ಲಿ ದೊಡ್ಡವರ ಥರ.